ಹನ್ನೆರಡು ಬಾವಿ, ಎರಡು ಭಾಷೆ, ಒಂದು ಇಲ್ಲದ ಯಂತ್ರ

ಶ್ರೀರಾಮನ ಹೆಸರು ಬರೆಯುವುದರಲ್ಲಿ ನಾನು ಕಳ್ಳಾಟ ಆಡುತ್ತಿದ್ದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಕಳ್ಳಾಟದಿಂದಾಗಿ ಏನೂ ತಪ್ಪು ಮಾಡದ ಒಬ್ಬರ ಕೆಲಸ ಹೋಗುವುದರಲ್ಲಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಪಾಲೋ ಆಲ್ಟೋ ಪಕ್ಕದ ಊರಿನಲ್ಲಿ, ಒಂದು ಅಪಾರ್ಟ್‌ಮೆಂಟಿನ ಮಹಡಿಯ ಮೇಲೆ ನಾವಿದ್ದದ್ದು. ನಮ್ಮ ಯಜಮಾನರು, ನಾನು, ಕಿಂಡರ್‌ಗಾರ್ಟನ್ನಿಗೆ ಹೋಗುತ್ತಿದ್ದ ಮಗಳು, ಆರು ತಿಂಗಳ ಮಟ್ಟಿಗೆ ಅಂತ ಮೈಸೂರಿನಿಂದ ಬಂದಿದ್ದ ನಮ್ಮತ್ತೆ. ಆ ಚಳಿಗಾಲದಲ್ಲಿ ಮಗಳಿಗೆ ಉಬ್ಬಸ ಹತ್ತಿ ಎರಡು ಸಲ ಎಮರ್ಜೆನ್ಸಿಗೆ ಓಡಿದ್ದೆವು. ಎರಡನೇ ಸಲ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು, ಇವಳ ಉಸಿರು ಸಲೀಸಾದರೆ ರಾಮನವಮಿಯೊಳಗೆ ಒಂದು ಲಕ್ಷ ರಾಮನಾಮ ಬರೆಯುತ್ತೇನೆ ಅಂತ ಹರಕೆ ಹೊತ್ತೆ. ದೇವರು ತನ್ನ ಪಾಲಿನದನ್ನು ಬೇಗ ನಡೆಸಿಕೊಟ್ಟ. ಫೆಬ್ರವರಿ ಹೊತ್ತಿಗೆ ಮಗಳು ಎರಡೆರಡು ಮೆಟ್ಟಿಲು ಹಾರಿಕೊಂಡು ಮನೆಗೆ ಬರುತ್ತಿದ್ದಳು. ಹಿಂದೆ ಬಿದ್ದದ್ದು ನಾನು.

ಚೌಕುಳಿ ಗೆರೆಯ ನೋಟ್‌ಬುಕ್ಕು ತಂದಿದ್ದೆ. ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ. ಶ್ರೀ, ರಾ, ಮ ಅಂತ ಎಡದಿಂದ ಬಲಕ್ಕೆ ಬರೆಯಬೇಕು. ಒಂದು ವಾರ ಹಾಗೇ ಬರೆದೆ. ಆಮೇಲೆ ಕೈಗೆ ಒಂದು ಉಪಾಯ ಹೊಳೆಯಿತು. ಪುಟದ ಮೇಲಿಂದ ಕೆಳಗಿನವರೆಗೆ ಬರೀ ಶ್ರೀ ಬರೆದುಬಿಡುವುದು. ಅದರ ಪಕ್ಕದ ಕಂಬಸಾಲಿನಲ್ಲಿ ಮೇಲಿಂದ ಕೆಳಕ್ಕೆ ಬರೀ ರಾ. ಮೂರನೆಯದರಲ್ಲಿ ಬರೀ ಮ. ಒಂದೇ ಅಕ್ಷರವಾದರೆ ಕೈ ಓಡುತ್ತದೆ, ಮನಸ್ಸು ಹುಳಿಯ ಬೇಳೆಯ ಕಡೆ ಇದ್ದರೂ ನಡೆಯುತ್ತದೆ. ಪುಟ ತುಂಬಿದ ಮೇಲೆ ಯಾರು ನೋಡಿದರೂ ಶ್ರೀರಾಮ, ಶ್ರೀರಾಮ ಅಂತಲೇ ಕಾಣುತ್ತದೆ. ಚೌಕ ತುಂಬಿತಲ್ಲ, ಸಾಕು ಅಂದುಕೊಂಡೆ.

ಇನ್ನು ನಮ್ಮವರ ಕೆಲಸದ ವಿಷಯ. ಆಗ ಅವರು ಏಳೆಂಟು ಜನರ ಒಂದು ಪುಟ್ಟ ಕಂಪನಿಯಲ್ಲಿದ್ದರು. ಏನಾದರೂ ವಿವರಿಸಬೇಕಾದರೆ ಅವರು ಸೀದಾ ನನ್ನ ಅಡುಗೆಮನೆಗೆ ಬಂದುಬಿಡುತ್ತಿದ್ದರು.

"ನೋಡು, ಈಗ ಒಂದು ಒಲೆ ಅಂತ ಇಟ್ಕೋ..."

"ಒಲೆ ಬಿಡ್ರೀ. ನಾನೂ ಗಣಿತದಲ್ಲಿ ಬಿ.ಎಸ್ಸಿ. ಮಾಡಿದೀನಿ. ಇದ್ದದ್ದು ಇದ್ದ ಹಾಗೆ ಹೇಳಿ."

ಇದ್ದದ್ದು ಇದ್ದ ಹಾಗೆ ಹೇಳಿದರು. ಒಂದೊಂದು ಕಂಪನಿಯ ಕಂಪ್ಯೂಟರಿಗೆ ಅರ್ಥವಾಗುವ ಅಪ್ಪಣೆಗಳೇ ಬೇರೆ ಬೇರೆ. ಜನ ಪ್ರೋಗ್ರಾಮು ಬರೆಯುವುದು ಫೋರ್ಟ್ರಾನ್, ಪ್ಯಾಸ್ಕಲ್, ಬೇಸಿಕ್ ಅನ್ನುವ ಭಾಷೆಗಳಲ್ಲಿ. ಮೂರು ಭಾಷೆ, ಐದು ಥರದ ಕಂಪ್ಯೂಟರು ಅಂದರೆ, ಪ್ರತಿಯೊಂದರಿಂದ ಪ್ರತಿಯೊಂದಕ್ಕೆ ತರ್ಜುಮೆ ಮಾಡುವ ಸಾಧನ ಬೇಕು.

"ಹದಿನೈದು," ಅಂದೆ.

"ಹದಿನೈದು. ಅದರ ಬದಲು ನಾವೇನ್ ಮಾಡ್ತೀವಿ ಅಂದ್ರೆ, ಎಲ್ಲೂ ಇಲ್ಲದ ಒಂದು ಯಂತ್ರ ಇದೆ ಅಂತ ಅಂದ್ಕೋತೀವಿ. ಅದನ್ನ ಯಾರೂ ಕಟ್ಟಿಲ್ಲ, ಕಟ್ಟೋದೂ ಇಲ್ಲ. ಅದಕ್ಕೆ ಗೊತ್ತಿರೋ ಅಪ್ಪಣೆಗಳು ಇಷ್ಟೇ ಅಂತ ಕಾಗದದ ಮೇಲೆ ಬರ್ಕೋತೀವಿ. ಈ ಗೂಡಲ್ಲಿರೋ ಅಂಕಿ ತಗೋ, ಪೇರಿಸಿಟ್ಟಿರೋದರ ಮೇಲಿಡು, ಮೇಲಿನ ಎರಡು ತೆಗೆದು ಕೂಡು, ಹೀಗೆ. ಮೂರು ಭಾಷೆಗಳೂ ಆ ಯಂತ್ರದ ಅಪ್ಪಣೆಗಳಿಗೆ ಮಾತ್ರ ತರ್ಜುಮೆ ಆದ್ರೆ ಸಾಕು. ಆಮೇಲೆ ಒಂದೊಂದು ನಿಜವಾದ ಕಂಪ್ಯೂಟರಿನ ಮೇಲೂ, ನಾನೇ ಆ ಯಂತ್ರ ಅಂತ ವೇಷ ಹಾಕೋ ಒಂದೊಂದು ಸಣ್ಣ ಪ್ರೋಗ್ರಾಮು ಬರೆದ್ರಾಯ್ತು."

"ಮೂರೂ ಐದೂ ಎಂಟು. ಹದಿನೈದರ ಬದಲು ಎಂಟೇ?"

"ಎಂಟೇ ಕಣೇ!" ಅಂದರು, ತಾವೇ ಕಂಡುಹಿಡಿದವರ ಹಾಗೆ.

"ಕಾಣದ ಯಂತ್ರ ಇದೆ ಅಂತ ನಂಬಿ ದಿನಕ್ಕೆ ಹತ್ತು ಗಂಟೆ ಕೆಲಸ ಮಾಡ್ತೀರಿ. ನಾನು ದೇವರ ಮುಂದೆ ಹತ್ತು ನಿಮಿಷ ಕೂತ್ರೆ ಮಾತ್ರ ನಗ್ತೀರಿ," ಅಂದೆ. ಅವರು ನಗದೆ ಎದ್ದು ಹೋದರು. ಆ ದಿನದ ಮಟ್ಟಿಗೆ ಅದೂ ಒಂದು ದಯೆಯೇ.

ಫೋರ್ಟ್ರಾನಿನ ತರ್ಜುಮೆಯ ಕೆಲಸ ನಮ್ಮವರದು. ಪ್ಯಾಸ್ಕಲ್ ನೋಡಿಕೊಳ್ಳುತ್ತಿದ್ದವರು ಹಾಸನದವರೊಬ್ಬರು. ನಮ್ಮವರಿಗಿಂತ ಎಂಟು ವರ್ಷ ಚಿಕ್ಕವರು. ನಮ್ಮವರನ್ನು ಸಾರ್ ಅನ್ನುತ್ತಿದ್ದರು, ನನ್ನನ್ನು ಅತ್ತಿಗೆ ಅನ್ನುತ್ತಿದ್ದರು. ಹಿಂದಿನ ವರ್ಷ ಊರಿಗೆ ಹೋಗಿ ಮದುವೆಯಾಗಿ, ಮೂರೇ ವಾರಕ್ಕೆ ಒಬ್ಬರೇ ವಾಪಸು ಬಂದಿದ್ದರು. ಹೆಂಡತಿ ಹಾಸನದಲ್ಲಿ ವೀಸಾಕ್ಕೆ ಕಾಯುತ್ತಿದ್ದಳು. ಇವರು ಇಲ್ಲಿ ಇನ್ನಿಬ್ಬರ ಜತೆ ಒಂದು ರೂಮಿನಲ್ಲಿ ಇದ್ದುಕೊಂಡು, ಶನಿವಾರ ನಮ್ಮಲ್ಲಿ ಊಟಕ್ಕೆ ಬರುತ್ತಿದ್ದರು.

ಊಟಕ್ಕೆ ಕೂತರೆ ಇವರಿಬ್ಬರದೂ ಒಂದೇ ಜಗಳ.

"ಸಾರ್, ನಿಮ್ಮ ಫೋರ್ಟ್ರಾನ್ ಅಜ್ಜಿಗೆ ಇನ್ನೂ ಕಾರ್ಡು ತೂತು ಮಾಡೋ ಕಾಲದ ಅಭ್ಯಾಸ ಹೋಗಿಲ್ಲ."

"ಆ ಅಜ್ಜಿ ಇಲ್ದೇ ಇದ್ರೆ ನಿನ್ನ ಪ್ಯಾಸ್ಕಲ್ ಹುಟ್ತಾನೇ ಇರ್ಲಿಲ್ಲ, ಸುಮ್ನೆ ತಿನ್ನಯ್ಯ."

ಅದು ನಿಜವಂತೆ. ಎರಡೂ ಒಂದೇ ಬಳಗದ ಭಾಷೆಗಳು. ಹಿರಿಯದರಲ್ಲಿ ಹಳೆಯ ಲೆಕ್ಕಗಳೆಲ್ಲ ಇವೆ, ಯಾರಿಗೂ ಮತ್ತೆ ಬರೆಯಲು ಪುರುಸೊತ್ತಿಲ್ಲ. ಕಿರಿಯದು ಅಚ್ಚುಕಟ್ಟು. ಎರಡೂ ಆ ಇಲ್ಲದ ಯಂತ್ರದ ಮೇಲೇ ಓಡುವುದರಿಂದ, ಕಿರಿಯದರಲ್ಲಿ ಬರೆದ ಪ್ರೋಗ್ರಾಮು ಹಿರಿಯದರ ಲೆಕ್ಕವನ್ನು ಕರೆದು ಕೆಲಸ ಮಾಡಿಸಿಕೊಳ್ಳಬಹುದು. ಕಂಪನಿ ಆಗ ಗಿರಾಕಿಗಳಿಗೆ ತೋರಿಸಬೇಕೆಂದಿದ್ದದ್ದೇ ಇದನ್ನು. ಗಿರಾಕಿ ಅಂದರೆ, ದಕ್ಷಿಣದ ಕಡೆ ಹಣ್ಣಿನ ತೋಟಗಳ ಬಾವಿಗಳನ್ನು ಅಳೆಯುವ ಒಂದು ಸಂಸ್ಥೆ. ಒಂದು ಸೋಮವಾರ ಅವರು ಬರುವವರಿದ್ದರು.

ಅದಕ್ಕೆ ಎಂಟು ದಿನ ಮುಂಚಿನ ಭಾನುವಾರ ನಮ್ಮವರು ಆಫೀಸಿನ ಒಂದು ಕಂಪ್ಯೂಟರನ್ನು ಮನೆಗೆ ಹೊತ್ತು ತಂದರು. ಹೊಲಿಗೆ ಮಿಷನ್ನಿನ ಪೆಟ್ಟಿಗೆಯಷ್ಟಿತ್ತು. ಪರದೆ ಅಂಗೈಗಿಂತ ಸ್ವಲ್ಪ ದೊಡ್ಡದು. ಜತೆಗೆ ಒಂದು ಅಗಲವಾದ ಹಾಳೆ. ಅದರಲ್ಲಿ ಹನ್ನೆರಡು ಬಾವಿ, ಹನ್ನೆರಡು ತಿಂಗಳು. ಒಂದೊಂದು ಬಾವಿಗೆ ಒಂದೊಂದು ಅಡ್ಡಸಾಲು, ಅದರಲ್ಲಿ ಜನವರಿಯಿಂದ ಡಿಸೆಂಬರಿನವರೆಗೆ ನೀರು ಎಷ್ಟು ಅಡಿ ಆಳದಲ್ಲಿತ್ತು ಅಂತ. ಈ ಅಂಕಿಗಳನ್ನು ಪ್ಯಾಸ್ಕಲ್ ಓದಿಕೊಂಡು ಫೋರ್ಟ್ರಾನಿಗೆ ಕೊಡಬೇಕು. ಫೋರ್ಟ್ರಾನು ಒಂದೊಂದು ಬಾವಿಯ ಸರಾಸರಿ ಹೇಳಬೇಕು. ಸರಿಯಾದ ಉತ್ತರಗಳನ್ನು ನಮ್ಮವರು ಕ್ಯಾಲ್ಕುಲೇಟರಿನಲ್ಲಿ ಮಾಡಿ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು.

"ನೀನು ಟೈಪ್ ಮಾಡಿಕೊಡ್ತೀಯಾ? ನಂದು ಎರಡು ಬೆರಳಿನ ಕೆಲಸ," ಅಂದರು.

ಮೈಸೂರಿನಲ್ಲಿ ಟೈಪಿಂಗು ಜೂನಿಯರ್, ಸೀನಿಯರ್ ಎರಡೂ ಪಾಸಾದವಳು ನಾನು. ಕೂತೆ. ಹನ್ನೆರಡು ಅಂಕಿಗೊಮ್ಮೆ ಎಂಟರ್ ಒತ್ತಬೇಕು ಅಂತ ಹೇಳಿ ಅವರು ಬಟ್ಟೆ ಒಗೆಯಲು ಕೆಳಗಿನ ಲಾಂಡ್ರಿ ರೂಮಿಗೆ ಹೋದರು. ನಾನು ಮಗಳ ಸ್ಕೇಲನ್ನು ಹಾಳೆಯ ಮೇಲೆ ಉದ್ದಕ್ಕೆ ನಿಲ್ಲಿಸಿಕೊಂಡೆ. ಎರಡು ತಿಂಗಳಿಂದ ಕಣ್ಣಿಗೆ ಮೇಲಿಂದ ಕೆಳಕ್ಕೆ ಇಳಿಯುವ ಅಭ್ಯಾಸವಾಗಿಬಿಟ್ಟಿತ್ತು. ಜನವರಿಯ ಹನ್ನೆರಡು ಅಂಕಿ, ಎಂಟರ್. ಫೆಬ್ರವರಿಯ ಹನ್ನೆರಡು, ಎಂಟರ್. ಅತ್ತ ಹನ್ನೆರಡು, ಇತ್ತ ಹನ್ನೆರಡು, ಹೇಗೆ ತುಂಬಿದರೂ ಚೌಕ ತುಂಬುತ್ತದಲ್ಲ ಅಂದುಕೊಂಡೆ. ಅಂದುಕೊಂಡೆ ಅನ್ನುವುದೂ ಹೆಚ್ಚಾಯಿತು. ಯೋಚನೆಯನ್ನೇ ಮಾಡಲಿಲ್ಲ.

ನಮ್ಮವರು ಬಂದು ಪ್ರೋಗ್ರಾಮು ಓಡಿಸಿದರು. ಒಂದೊಂದೇ ಉತ್ತರ ಬಂತು. ಹನ್ನೆರಡಕ್ಕೆ ಹನ್ನೆರಡೂ ಪೆನ್ಸಿಲಿನ ಉತ್ತರಕ್ಕೆ ಸರಿ. ಅವರು ಒಗೆದ ಬಟ್ಟೆಯ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಕುಣಿದುಬಿಟ್ಟರು. ಮಗಳು "ಡ್ಯಾಡಿ ಈಸ್ ಸೋ ಸಿಲ್ಲಿ!" ಅಂತ ಕೂಗಿದಳು. ನಾನು ದೇವರಿಗೆ ಎರಡು ಊದುಬತ್ತಿ ಹಚ್ಚಿದೆ.

ಮರುದಿನ, ಸೋಮವಾರ, ಹಾಸನದವರು ತಮ್ಮ ಪ್ಯಾಸ್ಕಲ್ ತರ್ಜುಮೆ ಇನ್ನಷ್ಟು ಬೇಗ ಆಗಲಿ ಅಂತ ಅದರಲ್ಲಿ ಏನೋ ತಿದ್ದಿದರು. ಬುಧವಾರ ಆಫೀಸಿನಲ್ಲಿ ರಿಹರ್ಸಲ್ಲು. ಅಲ್ಲಿಯ ಟೈಪಿಸ್ಟ್ ಹೆಂಗಸು ಅದೇ ಹಾಳೆಯನ್ನು ಮತ್ತೆ ಟೈಪು ಮಾಡಿದಳು, ಯಾಕೆಂದರೆ ನಾನು ಟೈಪು ಮಾಡಿದ್ದೆಲ್ಲ ಇದ್ದ ಡಿಸ್ಕನ್ನು ನಮ್ಮವರು ಬೇರೆ ಕೆಲಸಕ್ಕೆ ಬಳಸಿ ಅಳಿಸಿಬಿಟ್ಟಿದ್ದರು. ಉತ್ತರ ಬಂತು. ಹನ್ನೆರಡೂ ತಪ್ಪು. ನಲವತ್ತು ಅಡಿಯ ಬಾವಿಗೂ ಇನ್ನೂರು ಅಡಿಯ ಬಾವಿಗೂ ಹೆಚ್ಚುಕಡಿಮೆ ಒಂದೇ ಆಳ ಅಂತ ಹೇಳಿತಂತೆ.

ಮೊದಲು ಆಫೀಸಿನ ಕಂಪ್ಯೂಟರಿನ ಮೇಲೆ ಅನುಮಾನ ಬಂತು. ಬೇರೆ ಪ್ರೋಗ್ರಾಮುಗಳು ಮನೆಯದರ ಮೇಲೂ ಅದರ ಮೇಲೂ ಒಂದೇ ಥರ ಓಡಿದವು, ಹಾಗಾಗಿ ಅದಲ್ಲ ಅಂತಾಯಿತು. ಭಾನುವಾರ ಸರಿಯಿದ್ದದ್ದು ಬುಧವಾರ ತಪ್ಪಾಗಿದೆ. ನಡುವೆ ಕೈ ಹಾಕಿದವರು ಒಬ್ಬರೇ. ಹಾಸನದವರು ತಿದ್ದಿದ್ದನ್ನು ತೆಗೆದು ಹಳೆಯದನ್ನೇ ಹಾಕಿದರು. ಆಗಲೂ ತಪ್ಪೇ ಬಂತು. "ಹಳೇದು ಅಂತ ನೀನು ಹೇಳ್ತೀಯ, ಅದು ಹಳೇದೇ ಅಂತ ಏನು ಗ್ಯಾರಂಟಿ?" ಅಂತ ಎಲ್ಲರ ಮುಂದೆ ಕೇಳಿದವರು ನಮ್ಮವರೇ. ಅದನ್ನು ಮನೆಗೆ ಬಂದು ನನಗೆ ಅವರೇ ಹೇಳಿದರು. ಹೇಳುವಾಗ ಮುಖ ಸಪ್ಪಗಿತ್ತು.

ಗುರುವಾರ ಬಾಸು ಹಾಸನದವರನ್ನು ಕರೆದು, ಸೋಮವಾರದೊಳಗೆ ಸರಿಯಾಗದಿದ್ದರೆ ಮಂಗಳವಾರ ನೀನು ಬರುವುದು ಬೇಡ ಅಂದನಂತೆ. ಕೆಲಸ ಹೋದರೆ ಅವರು ಈ ದೇಶದಲ್ಲಿ ಇರುವ ಹಾಗಿರಲಿಲ್ಲ. ಹೆಂಡತಿಯ ವೀಸಾಕ್ಕೆ ಕಂಪನಿ ಕೊಡಬೇಕಾದ ಕಾಗದವೂ ಇಲ್ಲ. ಆಗ ನಮ್ಮವರು, ಶನಿವಾರ ಮನೆಗೆ ಬಾ, ಇಬ್ಬರೂ ಕೂತು ನೋಡೋಣ ಅಂತ ಕರೆದರು.

ಶನಿವಾರ ಬೆಳಿಗ್ಗೆ ನಾನು ಸ್ನಾನ ಮಾಡಿ ನೋಟ್‌ಬುಕ್ಕು ಹಿಡಿದಿದ್ದೆ. ಎರಡು ಕಂಬಸಾಲು ಆಗಿತ್ತು. ಗ್ಯಾಸಿನ ಮೇಲೆ ಹಾಲು ಉಕ್ಕಿತು ಅಂತ ಎದ್ದು ಹೋದೆ. ವಾಪಸು ಬರುವಷ್ಟರಲ್ಲಿ ನಮ್ಮತ್ತೆ ಕನ್ನಡಕ ಏರಿಸಿಕೊಂಡು ಪುಟ ನೋಡುತ್ತಿದ್ದಾರೆ.

"ಏನೇ ಇದು? ಶ್ರೀರಾ, ಶ್ರೀರಾ, ಶ್ರೀರಾ. ಮ ಎಲ್ಲಿ?"

"ಅದು... ಆಮೇಲೆ ಬರೀತೀನಿ ಅತ್ತೆ. ಹೀಗೆ ಬರೆದ್ರೆ ಬೇಗ ಆಗತ್ತೆ. ಕೊನೇಗೆ ಪುಟ ತುಂಬತ್ತಲ್ಲ."

"ತುಂಬೋದರೊಳಗೆ ನೀನು ಸತ್ತೋದ್ರೆ? ಅರ್ಧ ರಾಮನ್ನ ಕಂಕುಳಲ್ಲಿ ಇಟ್ಕೊಂಡು ಹೋಗ್ತೀಯಾ?"

"ಬಿಡ್ತು ಅನ್ನಿ, ಬೆಳಿಗ್ಗೆ ಬೆಳಿಗ್ಗೆ."

"ಹೆಸರು ಅಂದ್ಮೇಲೆ ಒಂದೇ ಉಸಿರಲ್ಲಿ ಬರೀಬೇಕು. ಇದೇನು ಕಾರ್ಖಾನೇನಾ, ಒಬ್ಬ ತಲೆ ಮಾಡು, ಒಬ್ಬ ಕಾಲು ಮಾಡು ಅಂತ?"

ನಾನು ಪುಟ ಮುಚ್ಚಿಟ್ಟೆ. ಅವರು ಹೇಳಿದ್ದು ಸರಿಯಾಗಿತ್ತು. ಸರಿಯಾಗಿದ್ದದ್ದರಿಂದಲೇ ಸಿಟ್ಟು ಬಂತು.

ಹತ್ತು ಗಂಟೆಗೆ ಹಾಸನದವರು ಬಂದರು. ಗಡ್ಡ ಹೆರೆದಿರಲಿಲ್ಲ. ಯಾವಾಗಲೂ ಬಾಗಿಲಲ್ಲೇ "ಅತ್ತಿಗೆ, ಹುಳಿ ವಾಸನೆ ಫ್ರೀವೇವರೆಗೆ ಬಂದಿದೆ" ಅನ್ನುವವರು, ಅವತ್ತು ಶೂ ಬಿಚ್ಚಿ ಸುಮ್ಮನೆ ಒಳಗೆ ಬಂದರು. ಇಬ್ಬರೂ ಡೈನಿಂಗ್ ಟೇಬಲ್ಲಿನ ಮೇಲೆ ಉದ್ದುದ್ದದ ಪ್ರಿಂಟ್‌ಔಟು ಹರಡಿಕೊಂಡು ಕೂತರು. ನಾನು ಅಡುಗೆಮನೆಯಲ್ಲಿ ಸೀಮೆಬದನೆಕಾಯಿ ಹೆಚ್ಚುತ್ತಿದ್ದೆ. ಅದು ಮೆಕ್ಸಿಕನ್ ಅಂಗಡಿಯಲ್ಲಿ ಸಿಗುತ್ತಿತ್ತು. ಸಿಕ್ಕ ದಿನವೆಲ್ಲ ಊರಿನ ಪಲ್ಯ ಕೊಟ್ಟೆಯಲ್ಲಪ್ಪ ಅಂತ ದೇವರಿಗೆ ಒಂದು ನಮಸ್ಕಾರ ಹಾಕುತ್ತಿದ್ದೆ. ಮಾತು ಕಿವಿಗೆ ಬೀಳುತ್ತಿತ್ತು.

"ನೋಡಿ ಸಾರ್, ಸುಮ್ನೆ ತಪ್ಪು ಬಂದಿದ್ರೆ ಅಂಕಿ ಎಲ್ಲೆಲ್ಲೋ ಹೋಗಿರ್ಬೇಕಿತ್ತು. ಇದು ಹಾಗಿಲ್ಲ. ಎಲ್ಲಾ ನೂರಹದಿನೈದು, ನೂರಿಪ್ಪತ್ತು, ನೂರಿಪ್ಪತ್ತೆರಡು. ನಿಧಾನಕ್ಕೆ ಏರಿ, ಕೊನೇಲಿ ಮತ್ತೆ ಸ್ವಲ್ಪ ಇಳಿಯತ್ತೆ."

"ಭಾನುವಾರ ಸರಿಯಾಗಿತ್ತು ಕಣಯ್ಯ. ನಾನೇ ಕಣ್ಣಾರೆ ನೋಡಿದೀನಿ."

"ನೀವು ಸುಳ್ಳು ಹೇಳ್ತೀರ ಅಂತ ನಾನಂದ್ನಾ?"

ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು. ನಿಧಾನಕ್ಕೆ ಏರಿ ಕೊನೆಯಲ್ಲಿ ಇಳಿಯುವುದು. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆಯುದ್ದಕ್ಕೂ ಬಾವಿಯ ನೀರು ಆಳಕ್ಕೆ ಹೋಗುತ್ತದೆ, ವರ್ಷದ ಕೊನೆಗೆ ಮಳೆ ಬಿದ್ದರೆ ಮೇಲೆ ಬರುತ್ತದೆ. ಆ ಹನ್ನೆರಡು ಉತ್ತರ ಹನ್ನೆರಡು ಬಾವಿಗಳದಲ್ಲ, ಹನ್ನೆರಡು ತಿಂಗಳುಗಳದು. ಹಾಳೆಯನ್ನು ಅಡ್ಡಕ್ಕೆ ಓದುವ ಬದಲು ಮೇಲಿಂದ ಕೆಳಕ್ಕೆ ಯಾರೋ ಓದಿದ್ದಾರೆ. ಯಾರೋ ಏನು? ಮೇಲಿಂದ ಕೆಳಕ್ಕೆ ಓದಿದ್ದವಳು ನಾನು. ಆದರೆ ನಾನು ಓದಿದ ದಿನ ಉತ್ತರ ಸರಿ ಬಂದಿತ್ತಲ್ಲ!

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ತಿರುಗಿಸಿ ಟೈಪು ಮಾಡಿದ್ದೆ. ಒಳಗೆ ಎಲ್ಲೋ ಅದು ಇನ್ನೊಂದು ಸಲ ತಿರುಗಿ ನೆಟ್ಟಗಾಗಿತ್ತು. ಟೈಪಿಸ್ಟ್ ಹೆಂಗಸು ನೆಟ್ಟಗೆ ಟೈಪು ಮಾಡಿದ್ದಳು, ಅವಳದು ಒಳಗೆ ಒಂದೇ ಸಲ ತಿರುಗಿ ಕೆಟ್ಟಿತ್ತು. ಅಂದರೆ ತಪ್ಪು ಭಾನುವಾರವೂ ಇತ್ತು. ಹಾಸನದವರು ತಿದ್ದುವುದಕ್ಕೆ ಮೊದಲೇ ಇತ್ತು.

ತಕ್ಷಣ ಹೇಳಬೇಕಿತ್ತು. ಹೇಳಲಿಲ್ಲ. ಅದನ್ನು ಬರೆಯಲು ಈಗಲೂ ಮನಸ್ಸಿಗೆ ಕಸಿವಿಸಿ. ಹೇಳಿದರೆ ನಮ್ಮವರು ಬಾಸಿನ ಮುಂದೆ ಎದೆ ತಟ್ಟಿ ಹೇಳಿದ್ದ ಮನೆಯ ಟೆಸ್ಟು ಸುಳ್ಳಾಗುತ್ತದೆ. ನನ್ನ ಟೈಪಿಂಗು ನಗೆಪಾಟಲಾಗುತ್ತದೆ. ಯಾಕೆ ಹಾಗೆ ಟೈಪು ಮಾಡಿದೆ ಅಂತ ಕೇಳಿದರೆ ನೋಟ್‌ಬುಕ್ಕಿನ ವಿಷಯ ಬರುತ್ತದೆ, ಅತ್ತೆ ಅಲ್ಲೇ ಸೋಫಾದಲ್ಲಿ ಕೂತಿದ್ದಾರೆ. ಇವೆಲ್ಲ ಕಾರಣಗಳೇ? ಆದರೂ ಪಲ್ಯಕ್ಕೆ ಒಗ್ಗರಣೆ ಹಾಕುವವರೆಗೂ ಸುಮ್ಮನಿದ್ದೆ. ಅವರೇ ಕಂಡುಹಿಡಿದುಕೊಳ್ಳಲಿ ದೇವರೇ ಅಂತ ಬೇಡಿಕೊಂಡೆ. ದೇವರು ಅಷ್ಟು ಸುಲಭಕ್ಕೆ ಬಿಡಲಿಲ್ಲ.

ಊಟಕ್ಕೆ ಬಡಿಸಿದೆ. ಹಾಸನದವರು ಅನ್ನ ಕಲಸಿದರು, ಕಲಸುತ್ತಲೇ ಇದ್ದರು.

"ಯಾಕಪ್ಪ, ಉಪ್ಪು ಜಾಸ್ತಿಯಾಗಿದೆಯಾ?" ಅತ್ತೆ ಕೇಳಿದರು.

"ಇಲ್ಲ ಅಜ್ಜಿ, ಚೆನ್ನಾಗಿದೆ." ಆಮೇಲೆ ತಟ್ಟೆ ನೋಡಿಕೊಂಡೇ ಹೇಳಿದರು. "ನಿನ್ನೆ ಊರಿಗೆ ಟ್ರಂಕ್ ಕಾಲ್ ಮಾಡಿದ್ದೆ. ಅವಳು ಸ್ವೆಟರ್ ಹೆಣೆಯೋದು ಕಲೀತಿದಾಳಂತೆ, ಅಲ್ಲಿ ತುಂಬಾ ಚಳಿಯಂತೆ ಅಲ್ವಾ ಅಂದ್ಲು. ಬಹುಶಃ ಬೇಕಾಗಲ್ಲ ಅಂತ ಹೇಳೋಕೆ ಹೋದೆ, ಆಗ್ಲಿಲ್ಲ."

ನಾನು ಹುಳಿಯ ಸೌಟನ್ನು ಪಾತ್ರೆಯೊಳಗೆ ಬಿಟ್ಟೆ.

"ರೀ, ಭಾನುವಾರ ಆ ಹಾಳೇನ ನಾನು ಅಡ್ಡಕ್ಕೆ ಟೈಪ್ ಮಾಡ್ಲಿಲ್ಲ," ಅಂದೆ.

ನಮ್ಮವರು ತಲೆ ಎತ್ತಿದರು. "ಹಂಗಂದ್ರೆ?"

"ಮೇಲಿಂದ ಕೆಳಕ್ಕೆ ಮಾಡಿದೆ. ಒಂದೊಂದು ತಿಂಗಳು ಮುಗಿದ ಮೇಲೆ ಎಂಟರ್ ಒತ್ತಿದೆ, ಬಾವಿ ಮುಗಿದ ಮೇಲಲ್ಲ. ರಾಮನಾಮಾನೂ ಹಾಗೇ ಬರೀತಾ ಇದ್ದೆ, ಕೈಗೆ ಅದೇ ಅಭ್ಯಾಸ ಆಗಿತ್ತು. ಹಾಗೆ ಮಾಡಿಯೂ ಉತ್ತರ ಸರಿ ಬಂತು ಅಂದ್ರೆ ತಪ್ಪು ಅವತ್ತೇ ಇತ್ತು. ಇವರು ಸೋಮವಾರ ತಿದ್ದಿದ್ದರಿಂದ ಆದದ್ದಲ್ಲ. ಆಫೀಸಲ್ಲಿ ಬಂದಿರೋದು ತಿಂಗಳ ಸರಾಸರಿ, ಬೇಕಾದ್ರೆ ಕೂಡಿ ನೋಡಿ."

ಹಾಸನದವರು ಎಂಜಲು ಕೈಯಲ್ಲೇ ಎದ್ದರು. ಎಡಗೈಯಲ್ಲಿ ಹಾಳೆ ಎಳೆದುಕೊಂಡು ಜನವರಿಯ ಕಂಬಸಾಲನ್ನು ಬಾಯಲ್ಲೇ ಕೂಡತೊಡಗಿದರು. ನಮ್ಮವರು ಕ್ಯಾಲ್ಕುಲೇಟರು ಒತ್ತಿದರು. ನೂರಹದಿನೈದು. ಪ್ರಿಂಟ್‌ಔಟಿನಲ್ಲಿ ಮೊದಲನೆಯ ಬಾವಿಗೆ ಬಂದದ್ದೂ ನೂರಹದಿನೈದು. ಫೆಬ್ರವರಿ ಕೂಡಿದರು. ಅದೂ ಸರಿ.

"ಅತ್ತಿಗೆ!" ಅಂದರು ಹಾಸನದವರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. "ಮೂರು ದಿನದಿಂದ ನನ್ನ ಪ್ಯಾಸ್ಕಲ್ಲನ್ನ ಎಳೆ ಎಳೆ ಬಿಡಿಸಿ ನೋಡ್ತಾ ಇದೀನಲ್ಲ ಅತ್ತಿಗೆ!"

"ತಪ್ಪಾಯ್ತಪ್ಪ. ಬೆಳಿಗ್ಗೆ ನೀವು ಮಾತಾಡ್ತಿದ್ದಾಗಲೇ ಗೊತ್ತಾಯ್ತು. ಹೇಳೋಕೆ ಧೈರ್ಯ ಸಾಲ್ದೆ ಇಷ್ಟೊತ್ತು ಮಾಡಿದೆ."

"ಹೇಳಿದೆಯಲ್ಲ, ಕೂತ್ಕೋ," ಅಂದರು ಅತ್ತೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಹಾಸನದವರ ಕಡೆ ತಿರುಗಿ, "ನೀನೂ ಕೂತ್ಕೊಳಪ್ಪ, ಎಂಜಲು ಕೈ ಒಣಗತ್ತೆ. ಇನ್ನೆರಡು ತುತ್ತು ಉಣ್ಣು," ಅಂದರು.

ನಮ್ಮವರು ಮಾತ್ರ ನಗಲಿಲ್ಲ. ಕೈ ತೊಳೆದು ಬಂದು ಒಂದು ಕಾಗದದ ಮೇಲೆ ನಾಲ್ಕು ಮನೆಯ ಚೌಕ ಬರೆದರು. ಮೇಲೆ ಒಂದು, ಎರಡು. ಕೆಳಗೆ ಮೂರು, ನಾಲ್ಕು.

"ನಮ್ಮ ಯಂತ್ರಕ್ಕೆ ಚೌಕ ಅನ್ನೋದೇ ಗೊತ್ತಿಲ್ಲ," ಅಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. "ಅದಕ್ಕೆ ಗೊತ್ತಿರೋದು ಒಂದರ ಪಕ್ಕ ಒಂದು ಗೂಡು, ಅಷ್ಟೇ. ಪ್ಯಾಸ್ಕಲ್ ಚೌಕಾನ ಅಡ್ಡಡ್ಡಕ್ಕೆ ಬಿಚ್ಚಿ ಗೂಡಿಗೆ ಹಾಕತ್ತೆ. ಒಂದು, ಎರಡು, ಮೂರು, ನಾಲ್ಕು. ಫೋರ್ಟ್ರಾನ್ ಹುಟ್ಟಿದಾಗಿಂದ ಮೇಲಿಂದ ಕೆಳಕ್ಕೆ ಇಟ್ಕೊಳತ್ತೆ. ಒಂದು, ಮೂರು, ಎರಡು, ನಾಲ್ಕು. ಇವನು ತನ್ನ ರೀತೀಲಿ ತುಂಬಿದ್ದನ್ನ ನಾನು ನನ್ನ ರೀತೀಲಿ ಓದ್ದೆ. ಇಬ್ಬರಿಗೂ ಯಂತ್ರ ಒಂದೇ ಅಲ್ವಾ, ಇನ್ನೇನು ಕೇಳೋದು ಅಂತ ಕೇಳ್ಲೇ ಇಲ್ಲ. ಪ್ಯಾಸ್ಕಲ್ ಫೋರ್ಟ್ರಾನನ್ನ ಕರೆದು ಅಂಕಿ ಕೊಡತ್ತಲ್ಲ, ಆ ಜಾಗ ಬರೆದೋನು ನಾನು. ತಿರುಗಿಸಬೇಕಾಗಿದ್ದದ್ದು ಅಲ್ಲಿ."

"ಹಾಗಾದ್ರೆ ಯಾರದ್ದು ತಪ್ಪು?" ಅಂತ ಅತ್ತೆ ಕೇಳಿದರು. ಮಗನೇ ಆದರೂ ಅವರು ಬಿಡುವವರಲ್ಲ.

"ನಂದೇ ಅಮ್ಮ."

"ಸಾರ್, ಹಾಗ್ಯಾಕೆ," ಅಂದರು ಹಾಸನದವರು. "ನನಗೂ ಹೊಳೀಬೇಕಿತ್ತು. ಬಾಸಿಗೆ ಇಬ್ಬರದ್ದೂ ಅಂತ ಹೇಳೋಣ. ಇಲ್ದಿದ್ರೆ ಯಂತ್ರದ ನಿಯಮದಲ್ಲೇ ಬರೆದಿರ್ಲಿಲ್ಲ ಅನ್ನೋಣ, ಅದೂ ಸುಳ್ಳಲ್ಲವಲ್ಲ."

"ಸುಮ್ನಿರಯ್ಯ. ಎಲ್ಲರ ಮುಂದೆ ನಿನ್ನ ಕೇಳಿದೋನು ನಾನು."

ಫೋನು ಅಡುಗೆಮನೆಯ ಗೋಡೆಯ ಮೇಲಿತ್ತು. ನಮ್ಮವರು ಲಾಸ್ ಆಲ್ಟೋಸಿನಲ್ಲಿದ್ದ ಬಾಸಿನ ಮನೆಗೆ ಫೋನು ಮಾಡಿದರು. ಶನಿವಾರ ಮಧ್ಯಾಹ್ನ, ಅವನು ತೋಟದಲ್ಲಿದ್ದನಂತೆ, ಹೆಂಡತಿ ಕರೆದುಕೊಂಡು ಬರುವವರೆಗೆ ಕಾದರು. ನಾನು ಅಲ್ಲೇ ಪಾತ್ರೆ ತೊಳೆಯುತ್ತ ನಿಂತಿದ್ದೆ. ಎಲ್ಲವನ್ನೂ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಮನೆಯ ಟೆಸ್ಟಿನಲ್ಲಿ ಅಂಕಿಗಳು ತಿರುಗಿದ್ದವು, ಅದನ್ನು ತಾನು ನೋಡಿಕೊಳ್ಳಲಿಲ್ಲ ಅಂದರು. ನನ್ನ ಹೆಸರು ಎತ್ತಲಿಲ್ಲ. ತಪ್ಪು ಫೋರ್ಟ್ರಾನಿನ ಕಡೆಯದು, ಪ್ಯಾಸ್ಕಲಿನದಲ್ಲ ಅಂತ ಎರಡೆರಡು ಸಲ ಹೇಳಿದರು. ಆ ಕಡೆಯವನು ಏನನ್ನುತ್ತಾನೋ ಕೇಳಿಸಲಿ ಅಂತ ನಾನು ನಲ್ಲಿ ನಿಲ್ಲಿಸಿದೆ.

ಫೋನು ಇಟ್ಟು ಹೊರಗೆ ಬಂದರು. "ಸೋಮವಾರ ಸರಿಯಾಗಿರತ್ತಾ ಅಂತ ಕೇಳ್ದ. ಇರತ್ತೆ ಅಂದೆ. ಸರಿ, ಇಬ್ಬರೂ ಬನ್ನಿ ಅಂದ. ಅಷ್ಟೇ."

"ಬೈಲಿಲ್ವಾ?" ಅಂತ ಹಾಸನದವರು ಕೇಳಿದರು.

"ಸೋಮವಾರ ಆದ್ಮೇಲೆ ಬೈತಾನೋ ಏನೋ. ಬಾ, ಕೂತ್ಕೋ."

ಆಮೇಲೆ ಶುರುವಾಯಿತು ನೋಡಿ, ನಿಜವಾದ ಜಗಳ. ನಮ್ಮವರು ಪ್ಯಾಸ್ಕಲಿನವನು ಕೊಡುವಾಗಲೇ ತಿರುಗಿಸಿ ಕೊಡಲಿ ಅಂದರು. ಹಾಸನದವರು ಫೋರ್ಟ್ರಾನ್ ಅಜ್ಜಿಗೋಸ್ಕರ ನಾನ್ಯಾಕೆ ತಿರುಗಿಸಲಿ, ಅ‌ಜ್ಜಿಯೇ ತಿರುಗಿಸಿಕೊಳ್ಳಲಿ ಅಂದರು. ಕೊನೆಗೆ ಎರಡೂ ಅಲ್ಲ, ಒಂದರಿಂದ ಇನ್ನೊಂದಕ್ಕೆ ದಾಟಿಸುವ ಜಾಗದಲ್ಲಿ, ಬಾಗಿಲಲ್ಲಿ, ತಿರುಗಿಸುವುದು ಅಂತಾಯಿತು. ಯಂತ್ರದ ನಿಯಮಗಳ ಕಾಗದದಲ್ಲಿ ಅದನ್ನು ಹೊಸದಾಗಿ ಬರೆದರು. ಮುಂದೆ ಬೇಸಿಕ್ಕು ಬಂದರೆ ಅದಕ್ಕೂ ಇದೇ ನಿಯಮ ಅಂತ ಸೇರಿಸಿದರು. ಸಂಜೆಯೊಳಗೆ ಮುಗಿಯಿತು. ನಾನು ಹಾಳೆಯನ್ನು ಮತ್ತೆ ಟೈಪು ಮಾಡಿದೆ. ಈ ಸಲ ಸ್ಕೇಲು ಅಡ್ಡಕ್ಕೆ. ಹಾಸನದವರು ಹಿಂದೆ ನಿಂತು, "ಅತ್ತಿಗೆ, ಬಾವಿ ಮುಗೀತು, ಎಂಟರ್," ಅಂತ ಪ್ರತಿ ಸಾಲಿಗೂ ಹೇಳಿ ನನ್ನ ಮಾನ ತೆಗೆದರು. ಉತ್ತರ ಸರಿ ಬಂತು. ನಮ್ಮವರು ಕುಣಿಯಲಿಲ್ಲ. ಹಾಳೆಯನ್ನು ತಿರುಗಿಸಿ ಇನ್ನೊಮ್ಮೆ ಟೈಪು ಮಾಡಿಸಿ, ಈಗ ತಪ್ಪು ಬರುತ್ತದೆ ತಾನೇ ಅಂತ ನೋಡಿದರು. ಬಂತು. ಆಗ ಕುರ್ಚಿಗೆ ಒರಗಿದರು.

ಸೋಮವಾರ ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು ಬಂದೆ. ಅತ್ತೆ ಜಪಕ್ಕೆ ಕೂತರು, ನಾನೂ ಕೂತೆ, ಬರೆಯಲಿಲ್ಲ, ಸುಮ್ಮನೆ ಬಾಯಲ್ಲಿ ಹೇಳಿಕೊಂಡೆ. ಒಂದು ಗಂಟೆ ಆಯಿತು, ಎರಡಾಯಿತು. ಎರಡೂವರೆಗೆ ಫೋನು ಬಂತು. ನಮ್ಮವರಲ್ಲ, ಹಾಸನದವರು.

"ಅತ್ತಿಗೆ, ಹನ್ನೆರಡು ಬಾವಿಗೂ ಅದರದರ ಆಳವೇ ಬಂತು."

"ರಾಮ ರಾಮ. ಬಾಸು ಏನಂದ?"

"ಗಿರಾಕಿಗಳು ಕೈ ಕುಲುಕಿ ಹೋದ್ರು. ಆಮೇಲೆ ಬಾಸು ಬಂದು, ನಾಳೆ ಒಂಬತ್ತಕ್ಕೆ ಬೇಸಿಕ್ಕಿನ ಮೀಟಿಂಗು, ಲೇಟ್ ಮಾಡ್ಬೇಡ ಅಂದ. ನಾಳೆ ಅಂದ್ರೆ ಮಂಗಳವಾರ, ಅತ್ತಿಗೆ."

ಅತ್ತೆ ಜಪಮಣಿ ಕೈಯಲ್ಲಿ ಹಿಡಿದೇ "ಏನಂತೆ, ಏನಂತೆ?" ಅಂತ ಕೇಳುತ್ತಿದ್ದರು. ಒಳ್ಳೆಯದೇ ಅಂತ ಕೈ ಮಾಡಿ ತೋರಿಸಿದೆ.

"ನಿಮ್ಮ ಸಾರ್ ಮೇಲೆ ಬೇಜಾರು ಮಾಡ್ಕೊಂಡಿಲ್ಲ ತಾನೇ ಅವನು?" ಅಂದೆ ಆಮೇಲೆ.

"ಸ್ವಲ್ಪ ಮಾಡ್ಕೊಂಡ. ಮುಂದಿನ ಸಲ ಟೆಸ್ಟು ಇಬ್ಬರು ಬೇರೆ ಬೇರೆ ಕೂತು ಮಾಡ್ಬೇಕು ಅಂತ ಹೇಳಿದಾನೆ. ಸಾರ್ ಒಪ್ಕೊಂಡ್ರು." ಆಮೇಲೆ ಧ್ವನಿ ತಗ್ಗಿಸಿ ಕೇಳಿದರು. "ಅತ್ತಿಗೆ, ಇನ್ನೊಂದು ವಿಷಯ. ನಿಮ್ಮ ಅಪಾರ್ಟ್‌ಮೆಂಟಲ್ಲಿ ಯಾವುದಾದ್ರೂ ಖಾಲಿ ಆಗೋದಿದೆಯಾ? ಚಿಕ್ಕದು ಸಾಕು. ಅವಳು ಬಂದ್ಮೇಲೆ ಆ ರೂಮಲ್ಲಿ ಇರೋಕಾಗಲ್ಲ."

ಕೆಳಗೆ, ಲಾಂಡ್ರಿ ರೂಮಿನ ಪಕ್ಕದ ಒಂದು ಬೆಡ್‌ರೂಮಿನ ಮನೆಯವರು ತಿಂಗಳ ಕೊನೆಗೆ ಬಿಡುತ್ತಾರೆ ಅಂತ ಕೇಳಿದ್ದೆ. ಮ್ಯಾನೇಜರಮ್ಮ ಮೂರು ಗಂಟೆಯವರೆಗೆ ಆಫೀಸಿನಲ್ಲಿರುತ್ತಾಳೆ. "ಇಡಿ ಫೋನು, ಈಗಲೇ ಹೋಗಿ ಕೇಳ್ತೀನಿ," ಅಂದು ಚಪ್ಪಲಿ ಮೆಟ್ಟಿಕೊಂಡೆ.